ಹದಿಮೂರನೆಯ ಕೈ

ಫೀಸಿಲ್ಲ, ಅಂದರು. ಊಟ, ಹಾಸಿಗೆ, ಪುಸ್ತಕ
ಎಲ್ಲ ಬಿಟ್ಟಿ.
ಟೊಲೀಡೊದಲ್ಲಿ ಅಪ್ಪ ಆ ಕಾಗದವನ್ನು ಮೂರು ಸಲ ಓದಿ
ಹಿಂಬದಿ ತಿರುಗಿಸಿ ನೋಡಿದ್ದ,
ಸಣ್ಣ ಅಕ್ಷರ ಎಲ್ಲಿ ಅಡಗಿದೆಯೋ ಅಂತ.

ಸಣ್ಣ ಅಕ್ಷರ ಇರಲಿಲ್ಲ.
ಇದ್ದದ್ದು ನೆವಾಡದ ಒಂದು ಕಣಿವೆ, ಇಪ್ಪತ್ತೈದು ಜನ ನಾವು,
ಮುನ್ನೂರು ದನ, ಅರವತ್ತು ಮೈಲಿ ದೂರಕ್ಕೊಂದು ಅಂಗಡಿ,
ಅಡುಗೆಮನೆ ಬಾಗಿಲಿಗೆ ಮೊಳೆ ಹೊಡೆದ ಪಟ್ಟಿ:
ಪಾತ್ರೆಗೆ ಯಾರು, ಬೇಲಿಗೆ ಯಾರು,
ರಾತ್ರಿ ಕುದುರೆಮೆಂತೆ ಹೊಲಕ್ಕೆ ನೀರು ತಿರುಗಿಸಲು ಯಾರು.
ನನ್ನ ಹೆಸರಿನ ಮುಂದೆ: ಹಾಲು.

ಅಲ್ಲಿಯವರೆಗೆ ಹಾಲು ನಾನು ಕಂಡದ್ದು ಪ್ಲಾಸ್ಟಿಕ್ ಕ್ಯಾನಿನಲ್ಲಿ.
ಹಾರ್ಟೆನ್ಸ್ ಒಂದು ವಾರ ನನಗೆ ಸೊರೆಯೇ ಬಿಡಲಿಲ್ಲ.
ಬೆಳಗಿನ ನಾಲ್ಕರ ಚಳಿ, ಬೆರಳೆಲ್ಲ ಕೊರಡು,
ಬಕೆಟ್ಟಿನ ತಳಕ್ಕೆ ಚಿಂಯ್ ಚಿಂಯ್ ಎಂದು ನಾಲ್ಕು ಎಳೆ, ಮುಗಿಯಿತು.
ಆಮೇಲೆ ಒದ್ದಳು.
ಡೆಲ್ಬರ್ಟ್, ಮೂವತ್ತು ವರ್ಷದಿಂದ ಈ ದನಗಳ ಮೇಸ್ತ್ರಿ,
ಹಲ್ಲಿನ ಸಂದಿಯ ಕಡ್ಡಿ ತೆಗೆಯದೆ ಹೇಳಿದ:
"ಹಣೆ ಅವಳ ಪಕ್ಕೆಗೆ ಒತ್ತು. ಏನಾದರೂ ಹೇಳು."
ಏನು?
"ಏನಾದರೂ."

ಅವತ್ತಿನ ಗ್ರೀಕ್ ಪಾಠ ಹೇಳಿದೆ, ಕ್ರಿಯಾಪದದ ರೂಪಗಳು:
ಬಿಡುತ್ತೇನೆ, ಬಿಡುತ್ತೀಯೆ, ಬಿಡುತ್ತಾಳೆ,
ಬಿಡುತ್ತೇವೆ...
ಬಿಟ್ಟಳು.
ನೊರೆ ಬಕೆಟ್ಟಿನ ಕಂಠಕ್ಕೆ ಬಂತು.

ಬೂಟಿನ ಸಗಣಿ ಒಣಗುವ ಮೊದಲೇ ತರಗತಿ.
ಮೇಜಿನ ಸುತ್ತ ಏಳು ಜನ, ನ್ಯಾಯ ಎಂದರೇನು ಎಂದು
ಕಸಿಮಿರ್ ವಾದಿಸುತ್ತಾನೆ, ಚೆನ್ನಾಗಿಯೇ ವಾದಿಸುತ್ತಾನೆ,
ಅವನ ಪುಸ್ತಕದಿಂದ ಹುಲ್ಲಿನ ಎಸಳು ಉದುರುತ್ತವೆ.
ಒಡಾಲಿಸ್ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಕಲಿತಿದ್ದಾಳೆ.
ಯಾರೂ ಯಾರನ್ನೂ ಎಬ್ಬಿಸುವುದಿಲ್ಲ.
ಇಲ್ಲಿ ಎಲ್ಲರಿಗೂ ಗೊತ್ತು, ನೀರಿನ ಪಾಳಿ ಯಾರದಿತ್ತು.

ಎರಡನೆಯ ವರ್ಷದ ಫೆಬ್ರವರಿ, ಶುಕ್ರವಾರದ ಸಭೆ.
ನಮ್ಮ ನಿಯಮ ನಮ್ಮದೇ, ನಾವೇ ಮತ ಹಾಕುವುದು.
ಮೊದಲನೆಯದು, ಪಾತ್ರೆ ಸೋಪು ಸಾಲುತ್ತಿಲ್ಲ.
ಎರಡನೆಯದು, ಲಾರಿಯ ಕೀಲಿ ಯಾರ ಜೇಬಿನಲ್ಲಿದೆ?
ಮೂರನೆಯದು ಹಾರ್ಟೆನ್ಸ್.

ಎರಡು ವರ್ಷ ಕರು ನಿಂತಿಲ್ಲ. ಕೆಚ್ಚಲು ಬಾವು ಇಳಿಯುತ್ತಿಲ್ಲ.
ಕಸಿಮಿರ್ ಬೋರ್ಡಿನ ಮೇಲೆ ಹುಲ್ಲಿನ ಲೆಕ್ಕ ಬರೆದ.
ಒಡಾಲಿಸ್ ಎದ್ದು ನಿಂತು, ಲೆಕ್ಕ ಅಲ್ಲದ್ದನ್ನು ಹೇಳಲು ಹೋಗಿ
ಅತ್ತಳು, ಕೂತಳು.
ಒಲೆಗೆ ಎರಡು ಸಲ ಸೌದೆ ಹಾಕಿದೆವು. ಗಂಟೆ ಒಂದಾಯಿತು.
ಹನ್ನೆರಡು ಕೈ ಮೇಲೆ. ಎಣಿಸುವವನು
ಪೆನ್ನಿನ ತುದಿ ಕಚ್ಚಿ ಸುತ್ತ ನೋಡುತ್ತಿದ್ದ.

ಎತ್ತಿದೆ.

ಮುಟ್ಟಿದರೆ ಅವಳು ನಡುಗುವುದು ಗೊತ್ತಿದ್ದವಳು ನಾನೊಬ್ಬಳೇ,
ಅದಕ್ಕೇ ಎತ್ತಿದೆ ಎಂದು ಈಗ ಹೇಳಿಕೊಳ್ಳುತ್ತೇನೆ.
ನಿದ್ದೆ ಬಂದಿತ್ತು, ಸಭೆ ಮುಗಿದರೆ ಸಾಕಿತ್ತು,
ಅಷ್ಟೇ ಇದ್ದರೂ ಇರಬಹುದು.

ಪಟ್ಟಿಯಲ್ಲಿ ನನ್ನ ಹೆಸರು ಹಾಲಿನ ಮುಂದೆಯೇ ಇತ್ತು.
ಬೆಳಿಗ್ಗೆ ಹಿಂಡಿದೆ. ಹಳದಿ, ಗಂಟು, ಒಂದೆರಡು ಎಳೆ ನೆತ್ತರು.
ನೆಲಕ್ಕೆ ಚೆಲ್ಲಿದೆ, ಬೆಕ್ಕು ಮೂಸಿ ಹಿಂದೆ ಸರಿಯಿತು.
ಡೆಲ್ಬರ್ಟ್ ಹಗ್ಗ ನನ್ನ ಕೈಗೆ ಕೊಟ್ಟು
ಬಂದೂಕು ತಾನೇ ಹಿಡಿದ.
ಹಣೆ ಒತ್ತಿದೆ. ಗ್ರೀಕ್ ಒಂದಕ್ಷರ ಬಾಯಿಗೆ ಬರಲಿಲ್ಲ.
ಅವಳ ಮೈಯ ಬಿಸಿ ಹಣೆಗೆ ತಗಲಿ
ಅಲ್ಲೇ ಸ್ವಲ್ಪ ಹೊತ್ತು ಇತ್ತು,
ಆಮೇಲೂ.

ಭಾನುವಾರ ಆಫೀಸಿನ ಫೋನಿನಲ್ಲಿ ಅಪ್ಪ:
"ಇನ್ನೂ ಬಿಲ್ಲು ಕಳಿಸಿಲ್ಲವಲ್ಲ ಮಗಳೇ, ಅವರು?"
ಇಲ್ಲಪ್ಪ, ಅಂದೆ. ಇಲ್ಲಿ ಹಿಮ ಬೀಳುತ್ತಿದೆ, ಅಂದೆ.
ಸೂಪರ್‌ಮಾರ್ಕೆಟ್ಟಿನಲ್ಲಿ ಬೆಲೆ ಏರಿದ್ದನ್ನು ಅವನು ಹೇಳಿದ,
ಮೊಟ್ಟೆಯದು, ಹಾಲಿನದು.

ಸೋಮವಾರ ಪಟ್ಟಿ ಬದಲಾಯಿತು. ನನಗೆ ಬೇಲಿ.
ಹಾಲು ಕಸಿಮಿರನಿಗೆ, ಹೊಸ ಕಡಸು, ಇನ್ನೂ ಹೆಸರಿಟ್ಟಿಲ್ಲ.
ಮೂರನೆಯ ದಿನ ಖಾಲಿ ಬಕೆಟ್ ಹಿಡಿದು ಬಂದ,
ಮೊಣಕಾಲಿನ ಮೇಲೆ ಗೊರಸಿನ ಗುರುತು.
ಹಣೆ ಒತ್ತು, ಅಂದೆ. ಏನಾದರೂ ಹೇಳು.
"ಏನು ಹೇಳಲಿ?"
ತಂತಿ ಕತ್ತರಿಸುವ ಇಕ್ಕಳ ಹುಡುಕುತ್ತಿದ್ದೆ,
ಗೂಟದ ಮೇಲೆ, ಡಬ್ಬಿಯಲ್ಲಿ, ಡೆಲ್ಬರ್ಟನ ಕೋಟಿನ ಕೆಳಗೆ.